ಹನ್ನೆರಡು ಕಿಲೋಮೀಟರಿಗೇ ಏಕೆ ನಿಂತರು?

ಪ್ರಶ್ನೆ: ನಮ್ಮ ಅಜ್ಜ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯುತ್ತಿದ್ದೆವು, ಪ್ರಪಂಚದಲ್ಲಿ ಅಷ್ಟು ಆಳದ ಗುಂಡಿ ಬೇರೆ ಇಲ್ಲ ಎನ್ನುತ್ತಿದ್ದರು. ಮೊನ್ನೆ ಮೊಬೈಲಿಗೆ ಬಂದ ವಿಡಿಯೋ ಒಂದರಲ್ಲಿ ರಷ್ಯಾದವರು ಹನ್ನೆರಡು ಕಿಲೋಮೀಟರ್ ತೂತು ಕೊರೆದು, ಒಳಗಿನಿಂದ ನರಳಾಟದ ಸದ್ದು ಕೇಳಿ ಹೆದರಿ ಮುಚ್ಚಿದರು ಎಂದಿತ್ತು. ಇದು ನಿಜವೇ? ಪ್ರಪಂಚದ ಅತಿ ದೊಡ್ಡ ಗುಂಡಿ ಯಾವುದು? ಯಾರೂ ತೋಡದೆ ದೊಡ್ಡ ದೊಡ್ಡ ಗುಂಡಿಗಳು ಹೇಗೆ ಬೀಳುತ್ತವೆ? ಅಂಥದ್ದು ನಮ್ಮ ಕಡೆಯೂ ಆಗಬಹುದೇ? (ಬಂಗಾರಪೇಟೆಯ ಓದುಗರೊಬ್ಬರಿಂದ)

ಉತ್ತರ: ಮೊದಲು ನರಳಾಟದ ವಿಷಯವನ್ನು ಮುಗಿಸಿಬಿಡೋಣ. ಅದು ಕಟ್ಟುಕಥೆ. 1989–90ರ ಸುಮಾರಿಗೆ ಹುಟ್ಟಿ, ಅಮೆರಿಕದ ಒಂದು ಧಾರ್ಮಿಕ ಟಿ.ವಿ. ವಾಹಿನಿಯ ಮೂಲಕ ಹರಡಿ, ಈಗ ಮೊಬೈಲಿನಲ್ಲಿ ಮರುಹುಟ್ಟು ಪಡೆದಿದೆ. ಮೂಲ ಕಥೆಯ ತೂತು ಇರುವುದು ಸೈಬೀರಿಯಾದಲ್ಲಿ. ನಿಜವಾದ ಕೊಳವೆ ಇರುವುದು ಅಲ್ಲಿಂದ ಬಹುದೂರ, ರಷ್ಯಾದ ವಾಯವ್ಯ ತುದಿಯ ಕೋಲಾ ಪರ್ಯಾಯ ದ್ವೀಪದಲ್ಲಿ, ನಾರ್ವೆಯ ಗಡಿಗೆ ಸಮೀಪದಲ್ಲಿ. ಕಥೆಯ ಪ್ರಕಾರ ತಳದ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿತ್ತು, ಅಲ್ಲಿಗೆ ಮೈಕ್ರೊಫೋನ್ ಇಳಿಬಿಟ್ಟು ಸದ್ದು ಹಿಡಿದರು. ಸಾವಿರ ಡಿಗ್ರಿಯಲ್ಲಿ ಉಳಿದು ಕೆಲಸ ಮಾಡುವ ಮೈಕ್ರೊಫೋನ್ ಯಾವುದು ಎಂದು ಕಥೆ ಕಟ್ಟಿದವರು ಯೋಚಿಸಲಿಲ್ಲ. ಅದೂ ಅಲ್ಲದೆ, ಆಳದ ಕೊಳವೆಯನ್ನು ಕೊರೆಯುವಾಗ ಅದು ಖಾಲಿ ಇರುವುದಿಲ್ಲ, ಬಾಯಿಯವರೆಗೆ ಕೆಸರು ತುಂಬಿರುತ್ತದೆ.

ಇನ್ನು "ಅತಿ ದೊಡ್ಡದು" ಯಾವುದು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ, ಅದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ತೂತು, ಬಿಲ, ಪೊಟರೆ, ಗುಂಡಿ, ಹೊಂಡ, ಕುಳಿ, ಬಾವಿ ಎಂದು ನಾವು ಬೇರೆಬೇರೆಯಾಗಿ ಕರೆಯುವುದು ಸುಮ್ಮನೆ ಅಲ್ಲ. ಆಳ, ಅಗಲ, ಬಾಯಿಯ ಆಕಾರ, ತೋಡಿದವರು ಯಾರು ಎಂಬುದೆಲ್ಲ ಆ ಹೆಸರುಗಳೊಳಗೆ ಅಡಗಿದೆ. ಮನುಷ್ಯ ಇಳಿದು ದುಡಿದ ಆಳದಲ್ಲಿ ತಮ್ಮ ಅಜ್ಜನವರ ಗಣಿ ಒಂದು ಕಾಲಕ್ಕೆ ಜಗತ್ತಿನ ಮುಂಚೂಣಿಯಲ್ಲಿತ್ತು. ಬರೀ ಆಳವನ್ನೇ ನೋಡುವುದಾದರೆ ಕೋಲಾದ ಕೊಳವೆ ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಕೆಳಗೆ ಹೋಗಿದೆ, ಆದರೆ ಅದರೊಳಗೆ ಮನುಷ್ಯನಿರಲಿ, ಒಂದು ಕುಂಬಳಕಾಯಿಯೂ ಇಳಿಯುವುದಿಲ್ಲ. ಅದರ ಅಡ್ಡಳತೆ ಕೇವಲ 23 ಸೆಂಟಿಮೀಟರ್. ನಮ್ಮ ಕೋಲಾರದ ಕಡೆ ಕೊರೆಯುವ ಆರೂವರೆ ಇಂಚಿನ ಬೋರ್‌ಗಿಂತ ಎರಡೂವರೆ ಇಂಚು ಹೆಚ್ಚು, ಅಷ್ಟೆ. ಊಟದ ತಟ್ಟೆಯೊಂದನ್ನು ಮಗುಚಿದರೆ ಅದರ ಬಾಯಿ ಮುಚ್ಚಿಹೋಗುತ್ತದೆ.

ಸೋವಿಯತ್ ವಿಜ್ಞಾನಿಗಳು ಅಲ್ಲಿ ಕೊರೆಯಲು ಆರಂಭಿಸಿದ್ದು 1970ರ ಮೇ ತಿಂಗಳಲ್ಲಿ. ಅವರಿಗೆ ತೈಲ ಬೇಕಿರಲಿಲ್ಲ, ಅದಿರೂ ಬೇಕಿರಲಿಲ್ಲ. ಭೂಮಿಯ ಹೊರಚಿಪ್ಪು ಒಳಗೆ ಹೇಗಿದೆ ಎಂದು ಕಣ್ಣಾರೆ ನೋಡುವುದಷ್ಟೇ ಉದ್ದೇಶ. 1979ರಲ್ಲಿ ಅಮೆರಿಕದ ಓಕ್ಲಹಾಮಾದ ಕೊಳವೆಯೊಂದರ 9,583 ಮೀಟರಿನ ದಾಖಲೆಯನ್ನು ದಾಟಿದರು. 1983ರಲ್ಲಿ ಹನ್ನೆರಡು ಸಾವಿರ ಮೀಟರ್ ಮುಟ್ಟಿದಾಗ, ಬಂದುಹೋಗುವ ಗಣ್ಯರ ಸಂಭ್ರಮಕ್ಕಾಗಿ ಸುಮಾರು ಒಂದು ವರ್ಷ ಕೆಲಸ ನಿಂತಿತು. ಮತ್ತೆ ಕೊರೆಯತೊಡಗಿದ ಸ್ವಲ್ಪ ದಿನಕ್ಕೆ, 1984ರ ಸೆಪ್ಟೆಂಬರಿನಲ್ಲಿ, ಕೊರೆಯುವ ಪೈಪುಗಳ ಐದು ಕಿಲೋಮೀಟರ್ ಉದ್ದದ ಸರಣಿ ತುಂಡಾಗಿ ಒಳಗೇ ಉಳಿದುಬಿಟ್ಟಿತು. ಬೋರ್ ಲಾರಿಯವರಿಗೆ ಇದು ಹೊಸ ಕಥೆಯಲ್ಲ. ಕಲ್ಲು ಕುಟ್ಟುವ ಹ್ಯಾಮರ್ ಒಳಗೆ ಸಿಕ್ಕಿಕೊಂಡರೆ ಅವರ ಮುಖ ಹೇಗಾಗುತ್ತದೆ ಎಂದು ಕೋಲಾರದವರಾದ ತಾವು ನೋಡಿಯೇ ಇರುತ್ತೀರಿ. ಕೋಲಾದವರು ಏಳು ಕಿಲೋಮೀಟರಿನವರೆಗೆ ಹಿಂದೆ ಬಂದು, ಅಲ್ಲಿಂದ ಪಕ್ಕಕ್ಕೆ ಇನ್ನೊಂದು ಕವಲು ತೆಗೆದು, ಐದು ವರ್ಷ ಶ್ರಮಪಟ್ಟು 1989ರಲ್ಲಿ 12,262 ಮೀಟರ್ ತಲುಪಿದರು. ಅಡಿಯ ಲೆಕ್ಕದಲ್ಲಿ ನಲವತ್ತು ಸಾವಿರಕ್ಕೂ ಮೀರಿದ ಆಳ. ಬಂಗಾರಪೇಟೆಯ ಹೊಲವೊಂದರಲ್ಲಿ ಸಾವಿರದೈನೂರು ಅಡಿಗೆ ನೀರು ಕಾಣದೆ ಕೈಬಿಟ್ಟ ಬೋರನ್ನು ನೆನೆದು, ಅದರ ಸುಮಾರು ಇಪ್ಪತ್ತೇಳು ಪಟ್ಟು ಎಂದುಕೊಳ್ಳಿ.

ಕೆಲಸದ ರೀತಿ ಮಾತ್ರ ನಮ್ಮ ಬೋರಿನಂತಲ್ಲ. ನಮ್ಮಲ್ಲಿ ಕಂಪ್ರೆಸರಿನ ಗಾಳಿ ಕಲ್ಲಿನ ಪುಡಿಯನ್ನು ಮೇಲಕ್ಕೆ ಊದುತ್ತದೆ. ಮೊದಲು ಬಿಳಿ ಧೂಳು ಇಡೀ ಓಣಿಯನ್ನು ಮುಚ್ಚುತ್ತದೆ, ನೀರು ಸಿಕ್ಕ ಕ್ಷಣ ಧೂಳು ಕೆಸರಾಗುತ್ತದೆ, ಮನೆಯವರು ಕೈಮುಗಿಯುತ್ತಾರೆ. ಹತ್ತು ಕಿಲೋಮೀಟರ್ ಆಳದಲ್ಲಿ ಗಾಳಿಯ ಆಟ ನಡೆಯುವುದಿಲ್ಲ. ಅಲ್ಲಿ ಭಾರವಾದ ಕೆಸರನ್ನು ಒತ್ತಡದಿಂದ ಕೆಳಗೆ ನೂಕುತ್ತಾರೆ. ಆ ಕೆಸರಿನ ರಭಸಕ್ಕೆ ತುದಿಯಲ್ಲಿರುವ ಟರ್ಬೈನ್ ತಿರುಗಿ, ಬಿಟ್ ಎಂಬ ಹಲ್ಲಿನ ತಲೆ ಕಲ್ಲನ್ನು ಕೊರೆಯುತ್ತದೆ, ಮೇಲಿನ ಕಿಲೋಮೀಟರುಗಟ್ಟಲೆ ಕೊಳವೆ ತಿರುಗಬೇಕಾಗಿಲ್ಲ. ಅದೇ ಕೆಸರು ಪುಡಿಯನ್ನು ಮೇಲಕ್ಕೆ ತರುತ್ತದೆ, ಬಿಟ್ಟನ್ನು ತಂಪಾಗಿಡುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಕೊಳವೆಯ ಗೋಡೆ ಒಳಕ್ಕೆ ಕುಸಿಯದಂತೆ ಒತ್ತಿ ಹಿಡಿಯುತ್ತದೆ. ಸವೆದ ಬಿಟ್ ಒಂದನ್ನು ಬದಲಿಸಬೇಕಾದರೆ ಕೊಳವೆಗಳನ್ನೆಲ್ಲ ಮೇಲೆತ್ತಿ, ಬಿಡಿಸಿ, ಮತ್ತೆ ಜೋಡಿಸುತ್ತ ಇಳಿಸಬೇಕು. ಸರಣಿಯ ತೂಕ ಹಗುರಾಗಲೆಂದು ಅಲ್ಯೂಮಿನಿಯಂ ಮಿಶ್ರಲೋಹದ ಕೊಳವೆಗಳನ್ನು ಬಳಸಿದ್ದರು.

ಹಾಗಾದರೆ ಹದಿನೈದು ಕಿಲೋಮೀಟರ್ ಗುರಿಯಿಟ್ಟವರು ಹನ್ನೆರಡಕ್ಕೇ ಏಕೆ ನಿಂತರು? ಬಿಸಿಯಿಂದಾಗಿ. ತಳದಲ್ಲಿ 100 ಡಿಗ್ರಿ ಸೆಲ್ಸಿಯಸ್ ಇರಬಹುದೆಂದು ಲೆಕ್ಕ ಹಾಕಿದ್ದರು, ಸಿಕ್ಕಿದ್ದು 180. ಇದೇ ಏರಿಕೆಯಲ್ಲಿ ಹದಿನೈದು ಕಿಲೋಮೀಟರಿಗೆ ಹೋದರೆ 300 ಡಿಗ್ರಿ ಆಗುತ್ತಿತ್ತು, ಅಲ್ಲಿ ಅವರ ಬಿಟ್ ಕೆಲಸ ಮಾಡುತ್ತಿರಲಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಬಿಟ್ ಕೆಡುವುದು ಸಣ್ಣ ತೊಡಕು. ಆ ಬಿಸಿ, ಆ ಒತ್ತಡದಲ್ಲಿ ಕಲ್ಲು ಕಲ್ಲಿನಂತೆ ವರ್ತಿಸುವುದನ್ನೇ ಬಿಡುತ್ತದೆ. ಗಟ್ಟಿಯಾಗಿ ಕಲೆಸಿದ ರಾಗಿ ಹಿಟ್ಟಿನ ಹಾಗೆ ನಿಧಾನವಾಗಿ ಸರಿದು, ಕೊರೆದ ಜಾಗವನ್ನು ಮುಚ್ಚಲು ಹವಣಿಸುತ್ತದೆ. ಬಿಟ್ ಮೇಲೆತ್ತಿ ಮತ್ತೆ ಇಳಿಸುವಷ್ಟರಲ್ಲಿ ತೂತಿನ ತಳ ಮೊದಲಿನಂತೆ ಇರುವುದಿಲ್ಲ. ಭೂಮಿಗೆ ತೂತು ಕೊರೆಯುವುದಕ್ಕಿಂತ ಕೊರೆದ ತೂತನ್ನು ತೆರೆದಿಡುವುದು ಕಷ್ಟ, ಮತ್ತು ತಮ್ಮ ಎಲ್ಲ ಪ್ರಶ್ನೆಗಳಿಗೂ ನಾನು ಈ ಒಂದು ಸಂಗತಿಯನ್ನು ಹಿಡಿದೇ ಉತ್ತರಿಸುತ್ತಿದ್ದೇನೆ. 1992ರಲ್ಲಿ ಕೊರೆತ ನಿಂತಿತು, ಸೋವಿಯತ್ ಒಕ್ಕೂಟ ಒಡೆದು ಹಣವೂ ಇರಲಿಲ್ಲ. ಈಗ ಆ ಬಾಯಿಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳವೊಂದು ಬೋಲ್ಟುಗಳಿಂದ ಬಿಗಿದುಕೊಂಡು ಕೂತಿದೆ. ಕೈಬಿಟ್ಟ ಬೋರುಗಳ ಬಾಯನ್ನು ಕಲ್ಲುಚಪ್ಪಡಿಯಿಂದಲೋ ಗೋಣಿಚೀಲದಿಂದಲೋ ಮುಚ್ಚಿ ಮನೆಗೆ ಹೋಗುವ ನಮ್ಮ ರೈತರು ಈ ಒಂದು ವಿಷಯದಲ್ಲಿ ಕೋಲಾದವರನ್ನು ನೋಡಿ ಕಲಿಯಬೇಕು.

ಆಮೇಲೆ ಕತಾರಿನಲ್ಲೂ ರಷ್ಯಾದ ಸಖಾಲಿನ್ ದ್ವೀಪದಲ್ಲೂ ಇದಕ್ಕಿಂತ ಉದ್ದದ ತೈಲಬಾವಿಗಳನ್ನು ಕೊರೆದಿದ್ದಾರೆ, ಆದರೆ ಅವು ಓರೆಯಾಗಿ ಸಾಗುವ ಬಾವಿಗಳು. ನೇರ ಆಳದ ಹಿರಿಮೆ ಇನ್ನೂ ಕೋಲಾದ್ದೇ. ಅಲ್ಲಿ ಸಿಕ್ಕ ಅರಿವೂ ಕಡಿಮೆಯದಲ್ಲ. ಏಳು ಕಿಲೋಮೀಟರಿನ ಸುಮಾರಿಗೆ ಗ್ರ್ಯಾನೈಟ್ ಮುಗಿದು ಬಸಾಲ್ಟ್ ಸಿಗುತ್ತದೆ ಎಂದು ಭೂಕಂಪದ ಅಲೆಗಳನ್ನು ನೋಡಿ ಊಹಿಸಿದ್ದರು. ಸಿಕ್ಕಿದ್ದು ಬಿರುಕುಬಿಟ್ಟು ನೀರು ತುಂಬಿಕೊಂಡ, ರೂಪಾಂತರ ಹೊಂದಿದ ಗ್ರ್ಯಾನೈಟ್. ಅಷ್ಟು ಆಳದಲ್ಲಿ ನೀರಿರುವುದೇ ಒಂದು ಆಶ್ಚರ್ಯ. ಇಷ್ಟಾದರೂ ಭೂಮಿಯ ತ್ರಿಜ್ಯ 6,371 ಕಿಲೋಮೀಟರ್ ಎಂಬುದನ್ನು ಮರೆಯಬಾರದು. ಭೂಮಿಯನ್ನು ಒಂದು ಎಳನೀರು ಎಂದುಕೊಂಡರೆ ನಾವು ಅದರ ಹಸಿರು ಸಿಪ್ಪೆಯನ್ನೂ ದಾಟಿಲ್ಲ.

ಈಗ ತಮ್ಮ ಅಜ್ಜನವರ ಗಣಿಗೆ ಬರುತ್ತೇನೆ. ಆಳದ ಬಗ್ಗೆ ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಚಾಂಪಿಯನ್ ರೀಫ್ ನೆಲಮಟ್ಟದಿಂದ ಸುಮಾರು 3.2 ಕಿಲೋಮೀಟರ್ ಕೆಳಗೆ ಹೋಗಿತ್ತು. ಅಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು, ತಂಪುಗೊಳಿಸಿದ ಗಾಳಿಯನ್ನು ಇಳಿಸದೆ ಅಲ್ಲಿ ಮನುಷ್ಯ ದುಡಿಯುವಂತಿರಲಿಲ್ಲ. ಬಿಸಿಗಿಂತ ದೊಡ್ಡ ಶತ್ರು ಭಾರ. ಅಷ್ಟು ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಎಂಟು ಸಾವಿರ ಟನ್ನಿಗೂ ಹೆಚ್ಚು ಕಲ್ಲಿನ ತೂಕ ಕೂತಿರುತ್ತದೆ. ಚಿನ್ನದ ಅದಿರನ್ನು ತೆಗೆದ ಕೂಡಲೇ ಅದು ಹೊತ್ತಿದ್ದ ಭಾರ ಅಕ್ಕಪಕ್ಕದ ಕಲ್ಲಿನ ಮೇಲೆ ಬೀಳುತ್ತದೆ. ಆ ಕಲ್ಲು ಮೆತ್ತಗಿದ್ದರೆ ನಿಧಾನವಾಗಿ ಬಾಗೀತು. ಕೋಲಾರದ ಕಲ್ಲು ಗಡುಸು, ಬಾಗುವುದಿಲ್ಲ, ತಡೆದುಕೊಳ್ಳುವಷ್ಟು ತಡೆದುಕೊಂಡು ಒಮ್ಮೆಲೇ ಸಿಡಿಯುತ್ತದೆ. ಇದನ್ನೇ ರಾಕ್ ಬರ್ಸ್ಟ್ ಎನ್ನುವುದು. ಹಳೆಯ ಗಣಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಕೆಳಗೆ ಕಲ್ಲು ಸಿಡಿದರೆ ಮೇಲೆ ಊರು ನಡುಗುತ್ತಿತ್ತು, ಮನೆಯ ಪಾತ್ರೆಗಳು ಅಲುಗಿದ ಕೂಡಲೇ ಪಾಳಿಗೆ ಹೋದವರ ಮನೆಯವರು ಗಣಿಗೆ ಇಳಿಯುವ ಬಾವಿಯ, ಅಂದರೆ ಶಾಫ್ಟಿನ ಕಡೆಗೆ ನೋಡುತ್ತಿದ್ದರು. ಇದನ್ನು ತಡೆಯಲು ಅದಿರು ತೆಗೆದ ಜಾಗದಲ್ಲಿ ಗ್ರ್ಯಾನೈಟ್ ಕಲ್ಲಿನ ಗೋಡೆಗಳನ್ನೇ ಕಟ್ಟುತ್ತಿದ್ದರು: ಮೂರು ಕಿಲೋಮೀಟರ್ ಕೆಳಗಿನಿಂದ ಕಲ್ಲು ಮೇಲೆ ತಂದು, ಮೇಲಿನಿಂದ ಬೇರೆ ಕಲ್ಲು ಕೆಳಗೆ ಕಳಿಸುವ ಕೆಲಸ. ಕಲ್ಲಿನ ಈ ಸಿಟ್ಟನ್ನು ಅರಿಯುವ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ 1988ರಲ್ಲಿ ಕೆ.ಜಿ.ಎಫ್.ನಲ್ಲೇ ಹುಟ್ಟಿಕೊಂಡದ್ದು ಆಕಸ್ಮಿಕವಲ್ಲ.

ಆ ಕಲ್ಲಿನ ಹೊದಿಕೆಯಿಂದ ಒಂದು ಉಪಕಾರವೂ ಆಯಿತು. ಆಕಾಶದಿಂದ ಬೀಳುವ ವಿಶ್ವಕಿರಣಗಳಲ್ಲಿ ಬಹುಪಾಲನ್ನು ಮೇಲಿನ ಕಲ್ಲು ತಡೆಯುವುದರಿಂದ, ಯಾವುದಕ್ಕೂ ತಡೆಯಿಲ್ಲದೆ ಹಾಯುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳನ್ನು ಹುಡುಕಲು ಆಳದ ಗಣಿಯೇ ತಕ್ಕ ಜಾಗ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳೊಡನೆ ಕೆ.ಜಿ.ಎಫ್. ಒಳಗೆ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರು. ಇವತ್ತು ಮನುಷ್ಯ ಇಳಿಯುವ ಅತಿ ಆಳದ ಗಣಿ ದಕ್ಷಿಣ ಆಫ್ರಿಕಾದ ಎಂಪೊನೆಂಗ್, ಸುಮಾರು ನಾಲ್ಕು ಕಿಲೋಮೀಟರ್. ಅದೂ ಚಿನ್ನದ ಗಣಿಯೇ. ಅಲ್ಲಿ ಮಂಜುಗಡ್ಡೆಯ ಕೆಸರನ್ನು ಪಂಪ್ ಮಾಡಿ ಕಲ್ಲನ್ನು ತಣಿಸುತ್ತಾರೆ.

ಅಗಲದ ಮಾತಿಗೆ ಬಂದರೆ ಅದೇ ದೇಶದ ಕಿಂಬರ್ಲಿಯ ವಜ್ರದ ಗುಂಡಿಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1871ರಲ್ಲಿ ಅಲ್ಲಿ ಇದ್ದದ್ದು ಗುಂಡಿಯಲ್ಲ, ಒಂದು ಸಣ್ಣ ಗುಡ್ಡ. ವಜ್ರ ಸಿಕ್ಕಿದ ಸುದ್ದಿಗೆ ಸಾವಿರಾರು ಜನ ಮುಗಿಬಿದ್ದು, ಗುಡ್ಡವನ್ನು 31 ಅಡಿ ಉದ್ದಗಲದ ತುಂಡುಗಳಾಗಿ ಹಂಚಿಕೊಂಡು, ಗುದ್ದಲಿ ಸಲಿಕೆ ಹಿಡಿದು ಇಳಿದರು. ಒಬ್ಬನ ಪಾಲು ಬೇಗ ತಗ್ಗಿದರೆ ಪಕ್ಕದವನದು ಗೋಡೆಯ ಹಾಗೆ ಎತ್ತರಕ್ಕೆ ನಿಲ್ಲುತ್ತಿತ್ತು. ನಡುವೆ ಬಿಟ್ಟಿದ್ದ ದಾರಿಗಳು ಒಂದೊಂದಾಗಿ ಕುಸಿದವು. ಆಮೇಲೆ ಪ್ರತಿ ತುಂಡಿನಿಂದಲೂ ಅಂಚಿನವರೆಗೆ ತಂತಿಹಗ್ಗ ಎಳೆದು ತೊಗಲಿನ ಚೀಲಗಳಲ್ಲಿ ಮಣ್ಣನ್ನು ಮೇಲೆ ಸಾಗಿಸತೊಡಗಿದರು, ಗುಂಡಿಯ ಬಾಯಿಗೆ ಜೇಡರಬಲೆ ಕಟ್ಟಿದಂತಾಯಿತು. ಕೈಕೆಲಸದಿಂದಲೇ ಸುಮಾರು 240 ಮೀಟರ್ ಆಳಕ್ಕೆ ಇಳಿದು, ಅಂಚು ಕುಸಿಯುವುದು ಹೆಚ್ಚಾದ ಮೇಲೆ ಸುರಂಗ ಗಣಿಗಾರಿಕೆಗೆ ತಿರುಗಿ, 1914ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಎತ್ತಿದ್ದು 2.25 ಕೋಟಿ ಟನ್ ಮಣ್ಣು, ಸಿಕ್ಕಿದ್ದು ಸುಮಾರು 2,700 ಕಿಲೋಗ್ರಾಂ ವಜ್ರ. ಒಂದು ಗ್ರಾಂ ವಜ್ರಕ್ಕೆ ಎಂಟು ಟನ್ನಿಗೂ ಮೀರಿದ ಮಣ್ಣು, ಅಂದರೆ ಹೆಚ್ಚುಕಡಿಮೆ ಒಂದು ಲಾರಿ ಲೋಡು. ಈಗ ಅದರ ತಳದಲ್ಲಿ ಹಸಿರು ನೀರು ನಿಂತಿದೆ. ಕೈಯಿಂದ ತೋಡಿದ ಅತಿ ದೊಡ್ಡ ಗುಂಡಿ ಎಂಬ ಬಿರುದಿಗೆ ಅದೇ ದೇಶದ ಯಾಗರ್ಸ್‌ಫಾಂಟೈನ್ ಗಣಿಯೂ ಹಕ್ಕು ಹೂಡಿದೆ. ಅಲ್ಲಿನ ಅಗಲ ಹೆಚ್ಚು, ಕಿಂಬರ್ಲಿಯ ಆಳ ಹೆಚ್ಚು. ಸ್ವಾರಸ್ಯದ ಸಂಗತಿಯೆಂದರೆ ಕಿಂಬರ್ಲಿಯವರು ತೋಡಿದ್ದು ನಿಸರ್ಗ ಮೊದಲೇ ಕೊರೆದು ತುಂಬಿಟ್ಟ ಕೊಳವೆಯನ್ನು. ನೂರೈವತ್ತು ಕಿಲೋಮೀಟರಿಗೂ ಕೆಳಗಿನಿಂದ ಕರಗಿದ ಶಿಲೆ ವಜ್ರಗಳನ್ನು ಹೊತ್ತು ನುಗ್ಗಿ ಬಂದು, ನೆಲವನ್ನು ಸೀಳಿ, ಅಲ್ಲೇ ಹೆಪ್ಪುಗಟ್ಟಿತ್ತು. ಆ ಶಿಲೆಗೆ ಊರಿನ ಹೆಸರಿನಿಂದಲೇ ಕಿಂಬರ್ಲೈಟ್ ಎನ್ನುತ್ತಾರೆ.

ಯಂತ್ರದಿಂದ ತೋಡಿದವುಗಳಲ್ಲಿ ಅಮೆರಿಕದ ಯೂಟಾ ರಾಜ್ಯದ ಬಿಂಗಮ್ ಕಣಿವೆಯ ತಾಮ್ರದ ಗಣಿ ಅತಿ ದೊಡ್ಡವುಗಳಲ್ಲಿ ಒಂದು: ಸುಮಾರು ನಾಲ್ಕು ಕಿಲೋಮೀಟರ್ ಅಗಲ, 1.2 ಕಿಲೋಮೀಟರ್ ಆಳ. 2013ರ ಏಪ್ರಿಲಿನಲ್ಲಿ ಅದರ ಒಂದು ಪಕ್ಕ ಜಾರಿ ತಳಕ್ಕೆ ಬಿತ್ತು. ನೆಲ ಸರಿಯುತ್ತಿರುವುದನ್ನು ರೇಡಾರ್ ಮೊದಲೇ ಹೇಳಿದ್ದರಿಂದ ಎಲ್ಲರನ್ನೂ ಹೊರಗೆ ಕಳಿಸಿದ್ದರು, ಯಾರಿಗೂ ಗಾಯವಾಗಲಿಲ್ಲ.

ಮನುಷ್ಯ ಮೇಲಿನಿಂದ ತೋಡಿದರೆ ನೀರು ಕೆಳಗಿನಿಂದ ತೋಡುತ್ತದೆ. ತಮ್ಮ ಮೂರನೆಯ ಪ್ರಶ್ನೆಗೆ ಇದೇ ಉತ್ತರ. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲವಿದ್ದರೆ ಅದರ ಮೇಲೆ ನಿಂಬೆರಸದ ನಾಲ್ಕು ಹನಿ ಬೀಳಿಸಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ ನೋಡಿ. ಹೊಳಪು ಹೋಗಿ ಮಾಸಿದ ಕಲೆ ಉಳಿಯುತ್ತದೆ. ಅಡುಗೆಮನೆಯ ಗ್ರ್ಯಾನೈಟ್ ಕಟ್ಟೆಯ ಮೇಲೆ ಅದೇ ನಿಂಬೆರಸ ಅಂಥ ಕಲೆ ಮಾಡುವುದಿಲ್ಲ. ಶಹಾಬಾದ್ ಕಲ್ಲು ಸುಣ್ಣದಕಲ್ಲು, ಹುಳಿಗೆ ಕರಗುತ್ತದೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಅದು ಸುಣ್ಣದಕಲ್ಲಿನ ಬಿರುಕುಗಳಲ್ಲಿ ಸಾವಿರಾರು ವರ್ಷ ಇಳಿದರೆ ಒಳಗೆ ಗುಹೆಯಾಗುತ್ತದೆ. ಗುಹೆ ಬೆಳೆಯುತ್ತ ಬಂದು ಅದರ ಚಾವಣಿ ತನ್ನ ಭಾರ ತಾನೇ ಹೊರಲಾರದೆ ಒಂದು ದಿನ ಕುಸಿಯುತ್ತದೆ. ಮೇಲಿದ್ದವರಿಗೆ ಗುಂಡಿ ಒಮ್ಮೆಲೇ ಬಿದ್ದಂತೆ ಕಾಣುತ್ತದೆಯಾದರೂ ಒಳಗೆ ಅದು ಎಂದೋ ತಯಾರಾಗಿರುತ್ತದೆ. ಚೀನಾದ ಚಾಂಗ್‌ಚಿಂಗ್ ಮಹಾನಗರಾಡಳಿತ ಪ್ರದೇಶದಲ್ಲಿರುವ ಶಿಯಾವೋಜಾಯ್ ಎಂಬಲ್ಲಿ ಹೀಗೆ ಆದ ಗುಂಡಿಯ ಆಳ 662 ಮೀಟರ್, ಕಿಂಬರ್ಲಿಯಲ್ಲಿ ಕೈಯಿಂದ ತೋಡಿದ ಆಳದ ಎರಡೂವರೆ ಪಟ್ಟಿಗೂ ಹೆಚ್ಚು.

ಮಧ್ಯ ಅಮೆರಿಕದ ಬೆಲೀಜ್ ದೇಶದ ಕಡಲಿನಲ್ಲಿ, ಹವಳದ ದಿಬ್ಬದ ನಡುವೆ, ಕಡುನೀಲಿ ಬಣ್ಣದ ದುಂಡನೆಯ ಗುಂಡಿಯೊಂದಿದೆ. ಅಡ್ಡಳತೆ 300 ಮೀಟರಿಗೂ ಹೆಚ್ಚು, ಆಳ ಸುಮಾರು 125 ಮೀಟರ್. ಅದರೊಳಗೆ ಇಳಿದವರು ಗೋಡೆಯಿಂದ ಇಳಿಬಿದ್ದ ಸುಣ್ಣದ ತೂಗುಗಂಬಗಳನ್ನು ಕಂಡರು. ಇಂಥ ಕಂಬ ಬೆಳೆಯಬೇಕಾದರೆ ನೀರು ಗಾಳಿಯಲ್ಲಿ ಹನಿಹನಿಯಾಗಿ ತೊಟ್ಟಿಕ್ಕಬೇಕು, ಕಡಲಿನೊಳಗೆ ಬೆಳೆಯಲು ಸಾಧ್ಯವೇ ಇಲ್ಲ. ಹಾಗಾಗಿ ಅದು ಒಣನೆಲದ ಗುಹೆಯಾಗಿತ್ತು. ಹಿಮಯುಗದಲ್ಲಿ ಕಡಲಿನ ಮಟ್ಟ ನೂರು ಮೀಟರಿಗೂ ಹೆಚ್ಚು ತಗ್ಗಿದ್ದಾಗ ಬೆಳೆದು, ಹಿಮ ಕರಗಿದಾಗ ಮುಳುಗಿತು. ಅಲ್ಲಿಂದ ಉತ್ತರಕ್ಕೆ, ಮೆಕ್ಸಿಕೋದ ಯೂಕಟಾನ್‌ನಲ್ಲಿ, ಸೆನೋಟೆ ಎಂದು ಕರೆಯುವ ನೀರು ತುಂಬಿದ ಇಂಥ ಹೊಂಡಗಳು ಸಾವಿರಾರಿವೆ, ಪ್ರಾಚೀನ ಮಾಯಾ ಜನರಿಗೆ ಕುಡಿಯುವ ನೀರೇ ಅವುಗಳಿಂದ. ನಕಾಶೆಯಲ್ಲಿ ಗುರುತು ಹಾಕುತ್ತ ಹೋದರೆ ಅವುಗಳಲ್ಲಿ ಹಲವು ಒಂದು ದೊಡ್ಡ ಕಮಾನಿನಲ್ಲಿ ಸಾಲಾಗಿ ನಿಲ್ಲುತ್ತವೆ. ಆ ಕಮಾನು 6.6 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಬಡಿದು ಆದ ಚಿಕ್ಸುಲೂಬ್ ಕುಳಿಯ ಅಂಚು. ಡೈನೋಸಾರುಗಳ ಕೊನೆಗೆ ಕಾರಣವಾದ, ಸುಮಾರು 180 ಕಿಲೋಮೀಟರ್ ಅಗಲದ ಆ ಕುಳಿ ಮಣ್ಣು ಸುಣ್ಣದಕಲ್ಲುಗಳ ಅಡಿ ಹೂತುಹೋಗಿದೆ. ಅಂಚಿನಲ್ಲಿ ಕಲ್ಲು ಬಿರುಕುಬಿಟ್ಟು ನೀರಿಗೆ ದಾರಿಯಾದ್ದರಿಂದ ಹೊಂಡಗಳು ಅಲ್ಲೇ ಬಿದ್ದವು.

ನಿಸರ್ಗ ಮತ್ತು ಮನುಷ್ಯ ಇಬ್ಬರೂ ಸೇರಿ ತೋಡುವುದೂ ಉಂಟು. 2010ರ ಮೇ ಕೊನೆಯಲ್ಲಿ ಗ್ವಾಟೆಮಾಲಾ ನಗರದ ನಡುವೆ, ಬಿರುಗಾಳಿ ಮಳೆಯ ಬೆನ್ನಿಗೆ, ಸುಮಾರು 20 ಮೀಟರ್ ಅಗಲದ ಗುಂಡಿ ಬಿದ್ದು ಮೂರು ಅಂತಸ್ತಿನ ಕಟ್ಟಡವೊಂದನ್ನು ನುಂಗಿತು. ಅಲ್ಲಿ ಸುಣ್ಣದಕಲ್ಲು ಕಾರಣವಲ್ಲ. ಊರು ನಿಂತಿರುವುದು ಜ್ವಾಲಾಮುಖಿಯ ಸಡಿಲ ಬೂದಿಯ ಮೇಲೆ, ಸೋರುವ ಒಳಚರಂಡಿಯ ನೀರು ಅದನ್ನು ವರ್ಷಗಟ್ಟಲೆ ಕೊಚ್ಚಿಕೊಂಡು ಹೋಗಿತ್ತು. ತುರ್ಕ್‌ಮೆನಿಸ್ತಾನದ ಮರುಭೂಮಿಯ ದರ್ವಾಜಾದಲ್ಲಿ ಹತ್ತಾರು ವರ್ಷಗಳಿಂದ ಉರಿಯುತ್ತಿರುವ ಅನಿಲದ ಕುಳಿ ಇನ್ನೊಂದು. 1971ರಲ್ಲಿ ಅನಿಲಕ್ಕಾಗಿ ಕೊರೆಯುವಾಗ ನೆಲ ಕುಸಿದು, ಕೆಲವೇ ದಿನಗಳಲ್ಲಿ ಉರಿದು ಮುಗಿಯಲೆಂದು ಬೆಂಕಿ ಹಚ್ಚಿದರು ಎಂಬ ಪ್ರಸಿದ್ಧ ಕಥೆಗೆ ದಾಖಲೆಯ ಆಧಾರ ಸಿಕ್ಕಿಲ್ಲ ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಅದರ ವಿಡಿಯೋಗಳೂ ತಮಗೆ ಬಂದೇ ಬರುತ್ತವೆ.

ನಮ್ಮ ಕಡೆ ಆಗಬಹುದೇ ಎಂದು ಕೇಳಿದ್ದೀರಿ. ಕೋಲಾರ, ಬೆಂಗಳೂರು, ತುಮಕೂರುಗಳ ಕೆಳಗಿರುವುದು ಗ್ರ್ಯಾನೈಟ್, ನೈಸ್ ಮತ್ತು ಶಿಸ್ಟ್ ಶಿಲೆಗಳು. ಮಳೆನೀರಿನ ಹುಳಿಗೆ ಇವು ಸುಣ್ಣದಕಲ್ಲಿನಂತೆ ಕರಗಿ ಗುಹೆಯಾಗುವುದಿಲ್ಲ. ಬೆಂಗಳೂರಿನ ರಸ್ತೆಯಲ್ಲಿ ಆಗಾಗ ಬೀಳುವ ಗುಂಡಿಗೆ ಒಡೆದ ಪೈಪನ್ನೋ ಅರೆಬರೆ ತುಂಬಿದ ಮಣ್ಣನ್ನೋ ಹುಡುಕಬೇಕೇ ಹೊರತು ಭೂಗರ್ಭವನ್ನಲ್ಲ. ಸುಣ್ಣದಕಲ್ಲು ಇರುವುದು ಕಲಬುರಗಿ, ಬಾಗಲಕೋಟೆಗಳ ಕೆಲವು ಭಾಗಗಳಲ್ಲಿ ಮತ್ತು ಗಡಿಯಾಚೆಯ ಆಂಧ್ರದಲ್ಲಿ. ಬೇಲಂ ಗುಹೆಗಳು ಆದದ್ದು ಅಂಥ ಕಲ್ಲಿನಲ್ಲೇ, ಕಡಪ ಜಿಲ್ಲೆಯ ಹೊಲಗಳಲ್ಲಿ 2015ರ ಭಾರಿ ಮಳೆಯ ನಂತರ ಗುಂಡಿಗಳು ಬಿದ್ದದ್ದೂ ಅಂಥ ನೆಲದಲ್ಲೇ.

ಕೆ.ಜಿ.ಎಫ್.ನಲ್ಲಿ ಮಾತ್ರ ಎಚ್ಚರ ಬೇಕು, ಅಲ್ಲಿನ ಪೊಳ್ಳು ಮನುಷ್ಯ ಮಾಡಿದ್ದು. ಹಳೆಯ ಗಣಿಯ ಮೇಲಿನ ನೆಲ, ಬೇಲಿ ಬಿದ್ದುಹೋದ ಶಾಫ್ಟುಗಳ ಸುತ್ತಮುತ್ತ ಹೋಗುವುದು ಸಲ್ಲದು, ಚಿನ್ನದ ಆಸೆಗೆ ಒಳಗಿಳಿಯುವುದಂತೂ ಸಲ್ಲವೇ ಸಲ್ಲದು. ಗಣಿ ನಡೆಯುತ್ತಿದ್ದಾಗ ಒಳಗೆ ಸೇರುವ ನೀರನ್ನು ಪಂಪುಗಳು ಎಡೆಬಿಡದೆ ಮೇಲೆತ್ತುತ್ತಿದ್ದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತವು, ನೀರು ಒಂದೊಂದೇ ಮಟ್ಟವನ್ನು ಮುಳುಗಿಸುತ್ತ ಮೇಲೇರಿತು. ಅಜ್ಜನವರು ಪಾಳಿಗೆ ಇಳಿಯುತ್ತಿದ್ದ ಆಳವೆಲ್ಲ ಈಗ ನೀರಿನಡಿ ಇದೆ, ಆ ಗ್ರ್ಯಾನೈಟ್ ಗೋಡೆಗಳೂ ಅದರೊಳಗೇ ಇವೆ.